ನೀರುಗಂಟಿಯ ಕೂಗು

"ಇನ್ನೂ ನಿಂತೇ ಇದ್ದೀರಲ್ಲ, ಒತ್ತು ಏರ್ತಾ ಅದೆ" ಎಂದು ಚಿಕ್ಕಬೀರಮ್ಮ ಗಂಡನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. ಸಣ್ಣಬೀರಯ್ಯ ಮೊಣಕಾಲುದ್ದದ ನೀರಿನಲ್ಲಿ ನಿಂತು ತೂಬಿನ ಹಲಗೆಯನ್ನು ಇನ್ನೊಮ್ಮೆ ಒತ್ತಿ ನೋಡುತ್ತಿದ್ದ. ಅದು ಸರಿಯಾಗಿಯೇ ಕೂತಿತ್ತು. ಮೂರು ರಾತ್ರಿಯಿಂದ ನಿದ್ದೆಯಿಲ್ಲದೆ ಅವನಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿತ್ತು. ಎಲ್ಲವನ್ನೂ ಎರಡೆರಡು ಸಲ ಮುಟ್ಟಿ ನೋಡುತ್ತಿದ್ದ.

"ಮ್ಯಾಗಲ ಬಯಲಿನೋರು ಬಂದು ಗಲಾಟೆ ಮಾಡಿದ್ರೆ?"

"ಮಾಡಿದ್ರೆ ನಾನಿಲ್ವಾ? ಇಪ್ಪತ್ತು ವರ್ಸದಿಂದ ನಿಮ್ಮ ಜತೆ ಬಾಳ್ತಾ ಇವ್ನಿ, ನೀರು ಎತ್ತಗೆ ಅರೀತದೆ ಅನ್ನೋದು ನಂಗೊತ್ತಿಲ್ವಾ? ಒಂದ್ಸಲ ಮಗನ ಆಟ ನೋಡ್ಕಂಡ್ ಬನ್ನಿ. ಭೂಮಿ ಏನೂ ಮುಳುಗೋಗಕ್ಕಿಲ್ಲ."

ಸಣ್ಣಬೀರಯ್ಯ ಊರಿನ ನೀರುಗಂಟಿ. ಚುಂಚನಕಟ್ಟೆಯ ಅಣೆಯಿಂದ ಬರುವ ನಾಲೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಯಾವಾಗ ಕಟ್ಟಬೇಕು ಎಂದು ನೋಡಿಕೊಳ್ಳುವವನು ಅವನೇ. ಭತ್ತ ಹೊಡೆ ಕಟ್ಟುವ ತಿಂಗಳಲ್ಲಂತೂ ಊರಿಗೆ ಊರೇ ಬೆಳಿಗ್ಗೆ ಅವನಿಗೆ ನೆಂಟರು, ಸಂಜೆಗೆ ವೈರಿಗಳು. ಹಗಲೆಲ್ಲ ಬೈಸಿಕೊಂಡು, ಕತ್ತಲಾದ ಮೇಲೆ ಬದುವಿನ ಮೇಲೆ ಕಂಬಳಿ ಹೊದ್ದು ಕೂರುವವನಿಗೆ ಆಟ ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು?

ಮಗ ಅಂಕಯ್ಯ ದಿನಾ ಐದು ಮೈಲಿ ನಡೆದು ಕೃಷ್ಣರಾಜನಗರದ ಹೈಸ್ಕೂಲಿಗೆ ಹೋಗಿಬರುತ್ತಿದ್ದ. ಮೂರು ವರ್ಷದಿಂದ ಕಬಡ್ಡಿ ತಂಡದಲ್ಲಿದ್ದ, ಈ ವರ್ಷ ಅವನೇ ಕ್ಯಾಪ್ಟನ್. ಅಪ್ಪ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದರೆ ಗುದ್ದಲಿ ಹುಡುಗನ ಹೆಗಲಿಗೆ ಬರುತ್ತದೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮೂವರಿಗೂ ಗೊತ್ತಿತ್ತು. ಹಿಂದಿನ ಸಂಜೆ ಮುದ್ದೆ ಮುರಿಯುತ್ತ ಅಂಕಯ್ಯ ಹೇಳಿದ್ದ: "ಉಣಸೂರಿನೋರ್ನ ಸೋಲಿಸ್ಬುಟ್ರೆ ಮೈಸೂರಲ್ಲಿ ಆಡ್ಬೋದು ಕಣಪ್ಪ. ಸೋತ್ರೆ ನಾಳೀದೇ ಕಡೇ ಆಟ. ನೀನೂ ಬಾ." ಅವನು ಹುಟ್ಟಿದಾಗಿನಿಂದ ಏನನ್ನೂ ಬೇಕೆಂದು ಕೇಳಿದವನಲ್ಲ. ಅದನ್ನು ನೆನೆದು ಸಣ್ಣಬೀರಯ್ಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ.

ನಾಲೆಯ ತಿರುವಿನಲ್ಲಿ ಅವನು ಹಿಂತಿರುಗಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. "ಓ...ಹೋಯ್!" ತೂಬಿನ ಹತ್ತಿರದಿಂದ ಹೆಂಡತಿ "ಓ...ಯ್" ಎಂದಳು. ಈಗ ಕೂಗುವ ಅಗತ್ಯವೇನೂ ಇರಲಿಲ್ಲ, ರೂಢಿ ಅಷ್ಟೆ.

ಆ ಕೂಗಿಗೆ ಅವರ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ತೂಬಿನ ಹತ್ತಿರ ಇರುವವನು ನೀರು ಬಿಟ್ಟು ಕೂಗಬೇಕು, ಕೆಳಗಿನ ಗದ್ದೆಯಲ್ಲಿ ಇರುವವನು ತಕ್ಷಣ ಓಗೊಡಬೇಕು. ಓಗೊಡದಿದ್ದರೆ ಹಾವು ಕಚ್ಚಿದೆ, ಇಲ್ಲವೆ ನೀರಿಗೆ ಬಿದ್ದಿದ್ದಾನೆ ಎಂದೇ ಅರ್ಥ. ಅಂಕಯ್ಯ ಎಂಟು ವರ್ಷದವನಾಗಿದ್ದಾಗ ಒಮ್ಮೆ ಬದುವಿನ ಮೇಲೆ ನಿದ್ದೆ ಹೋಗಿ ಸುಮ್ಮನಿದ್ದುಬಿಟ್ಟಿದ್ದ. ಸಣ್ಣಬೀರಯ್ಯ ಕೆಸರಿನಲ್ಲಿ ಬಿದ್ದು ಎದ್ದು ಅರ್ಧ ಮೈಲಿ ಓಡಿ, ಮಗು ಬದುಕಿರುವುದನ್ನು ಕಂಡು, ಕೆನ್ನೆಗೆ ಬಾರಿಸಿ, ಆಮೇಲೆ ತಬ್ಬಿಕೊಂಡು ತಾನೇ ಅತ್ತಿದ್ದ. "ಬಾಯಲ್ಲಿ ಅನ್ನ ಇದ್ರೂ ಉಗ್ದು ಓಗೊಡ್ಬೇಕು ಕಣ್ಲಾ!" ಅಂದಿನಿಂದ ಹುಡುಗ ಒಂದು ಸಲವೂ ತಪ್ಪಿರಲಿಲ್ಲ.

ಹೈಸ್ಕೂಲಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಸಣ್ಣಬೀರಯ್ಯ ಮುಂದೆ ಹೋಗಲು ನಾಚಿ, ಪಕ್ಕದ ಹುಣಸೆ ಮರದ ಬುಡದಲ್ಲಿ ಕಂಬಳಿ ಮಡಿಸಿ ಹಾಕಿಕೊಂಡು ಕೂತ. ಅಲ್ಲಿಂದಲೂ ಅಂಕಣ ಚೆನ್ನಾಗಿಯೇ ಕಾಣುತ್ತಿತ್ತು. ಮನೆಯಲ್ಲಿ ನಾಲ್ಕು ಮಾತಿಗೆ ಒಂದು ಮಾತಾಡುವ ಅಂಕಯ್ಯ ಇಲ್ಲಿ ತನ್ನ ಹುಡುಗರಿಗೆ "ಎಡಕ್ಕೆ ಬಾರ್ಲಾ, ಕಾಲು ಇಡ್ಕಳ್ಲಾ" ಎಂದು ಅಬ್ಬರಿಸುತ್ತಿದ್ದ. ಅಪ್ಪನನ್ನು ಕಂಡವನೇ ಒಂದು ಕ್ಷಣ ನಿಂತು, ಹಲ್ಲು ಬಿಟ್ಟು, ಮತ್ತೆ ಓಡಿದ. ಆ ತೊಡೆ, ಆ ಎದೆ, ಆ ಉಸಿರು ತನ್ನ ಮನೆಯ ರಾಗಿಯಿಂದಲೇ ಬಂದದ್ದೇ ಎಂದು ಸಣ್ಣಬೀರಯ್ಯನಿಗೆ ಆಶ್ಚರ್ಯವಾಯಿತು. ಪಕ್ಕದಲ್ಲಿ ಕೂತ ಯಾರೋ ಗಾಡಿಯವನು "ಆ ಕ್ಯಾಪ್ಟನ್ನು ಯಾರ ಮಗ?" ಎಂದಾಗ, "ನಮ್ಮೋನೇ" ಎಂದು ಕಂಬಳಿಯ ಮೇಲೆ ನೆಟ್ಟಗೆ ಕೂತ.

ಕಣ್ಣು ಬಿಟ್ಟುಕೊಂಡಿರಲು ಅವನು ಏನೆಲ್ಲ ಮಾಡಿದ. ತೊಡೆ ಚಿವುಟಿಕೊಂಡ, ಎಲೆ ಅಡಿಕೆ ಹಾಕಿಕೊಂಡ. ಆದರೆ ನೆರಳು ತಣ್ಣಗಿತ್ತು, ಬೆನ್ನಿಗೆ ಮರದ ಆಸರೆ ಇತ್ತು, ಮೂರು ರಾತ್ರಿಯ ನಿದ್ದೆ ಬಾಕಿಯಿತ್ತು. ಅರ್ಧ ಆಟ ಮುಗಿದು ಕಡೆ ಬದಲಾದದ್ದು ಅವನಿಗೆ ಗೊತ್ತಾಗಲಿಲ್ಲ.

ಕೊನೆಯ ನಿಮಿಷಕ್ಕೆ ಹುಣಸೂರಿನವರು ಒಂದು ಪಾಯಿಂಟು ಮುಂದಿದ್ದರು. ಅಂಕಯ್ಯ ಕಬಡ್ಡಿ ಹೇಳುತ್ತ ಒಳನುಗ್ಗಿ, ಇಬ್ಬರನ್ನು ಮುಟ್ಟಿ ತಿರುಗಿದ. ಮೂರನೆಯವನೊಬ್ಬ ಕಾಲಿಗೆ ಬಿದ್ದು ಹಿಡಿದ. ಅಂಕಯ್ಯ ಕವುಚಿ ಬಿದ್ದ. ನಡುಗೆರೆ ಮುಂದೆಯೇ ಇತ್ತು, ಬೆರಳಿಗೂ ಗೆರೆಗೂ ಒಂದು ಗೇಣು. ಉಸಿರು ಬಿಡದೆ, ಕಬಡ್ಡಿ ನಿಲ್ಲಿಸದೆ, ಕಾಲು ಹಿಡಿದವನನ್ನೂ ಎಳೆದುಕೊಂಡು ಅವನು ತೆವಳತೊಡಗಿದ. ಗೆರೆ ಮುಟ್ಟಿದರೆ ಗೆಲುವು. ಬಯಲಿಗೆ ಬಯಲೇ ಎದ್ದುನಿಂತು ಭೋರೆಂದಿತು.

ಆ ಭೋರಿಗೆ ಸಣ್ಣಬೀರಯ್ಯ ಬೆಚ್ಚಿ ಎದ್ದ. ನಿದ್ದೆಗಣ್ಣಿನಲ್ಲಿ ಅವನಿಗೆ ಕೇಳಿಸಿದ್ದು ನಾಲೆಯ ಏರಿ ಒಡೆದ ಸದ್ದು. ಕೆಳಗಿನ ಗದ್ದೆಯಲ್ಲಿ ಮಗನಿದ್ದಾನೆ! ಕೈಗಳು ತಾವಾಗಿಯೇ ಬಾಯಿಗೆ ಹೋದವು.

"ಓ...ಹೋಯ್!"

"ಓ...ಯ್!" ಎಂದ ಅಂಕಯ್ಯ.

ಪಿರಿಯಾಪಟ್ಟಣದಿಂದ ಬಂದಿದ್ದ ಅಂಪೈರು ಸೀಟಿ ಊದಿದ. ಕಬಡ್ಡಿ ತುಂಡಾಗಿತ್ತು, ಅಂಕಯ್ಯ ಔಟು. ಹುಣಸೂರಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಅಂಕಯ್ಯ ಇನ್ನೂ ಮಣ್ಣಿನ ಮೇಲೇ ಇದ್ದ, ಅವನ ಕೈ ಗೆರೆಯ ಕಡೆಗೇ ಚಾಚಿತ್ತು.

ಸಣ್ಣಬೀರಯ್ಯನಿಗೆ ಪೂರ್ತಿ ಎಚ್ಚರವಾಗಿ, ತಾನೇನು ಮಾಡಿದೆ ಎಂದು ತಿಳಿಯುವ ಹೊತ್ತಿಗೆ ಡ್ರಿಲ್ ಮೇಷ್ಟ್ರು ರುದ್ರಸ್ವಾಮಿ ಹುಡುಗನ ಮೇಲೆ ಎಗರಾಡುತ್ತಿದ್ದರು. "ಯಾರೋ ಕೂಗಿದರೆ ನೀನ್ಯಾಕೋ ಬಾಯಿ ಬಿಟ್ಟೆ? ಮೂರು ವರ್ಷ ಇದನ್ನೇನಾ ಕಲಿತದ್ದು? ಯಾರೋ ಅವನು ಕೂಗಿದೋನು?"

"ಗೊತ್ತಿಲ್ಲ ಸಾರ್. ತಪ್ಪಾಯ್ತು" ಎಂದ ಅಂಕಯ್ಯ. ಮರದ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಸುಮ್ಮನೆ ಎದ್ದು ಹೋಗಬಹುದಿತ್ತು. ಸಣ್ಣಬೀರಯ್ಯ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಜನರ ನಡುವೆ ಬಂದು ಕೈಮುಗಿದು ನಿಂತ. "ಕೂಗಿದೋನು ನಾನು ಬುದ್ಧಿ. ಇವ್ನ ಅಪ್ಪ. ನಿದ್ದೆ ಅತ್ಬುಟ್ಟಿತ್ತು. ಮಗೀನ ಬೈಬ್ಯಾಡಿ."

ಮೇಷ್ಟ್ರು ಅವನ ಕೆಂಪು ಕಣ್ಣನ್ನೂ ಮೊಣಕಾಲಿನವರೆಗೆ ಒಣಗಿದ ಕೆಸರನ್ನೂ ನೋಡಿದರು. ಆಟಗಾರರಿಗೆಂದು ತಂದಿಟ್ಟಿದ್ದ ಬಾಳೆಹಣ್ಣಿನಲ್ಲಿ ಎರಡನ್ನು ಅಂಕಯ್ಯನ ಕೈಗೆ ಕೊಟ್ಟು ಹೊರಟುಹೋದರು.

ದಾರಿಯಲ್ಲಿ ಮೂರು ಮೈಲಿ ಮಗ ಮುಂದೆ, ಅಪ್ಪ ಹಿಂದೆ ನಡೆದರು. ಅಂಕಯ್ಯನ ಮೊಣಕೈ ತರಚಿ ರಕ್ತ ಒಣಗಿತ್ತು. ನಾಲೆಯ ಏರಿ ಹತ್ತಿದ ಮೇಲೆ ಅವನು "ಉಂಡಿದ್ಯಾ ಅಪ್ಪಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡೂ ಬಾಳೆಹಣ್ಣನ್ನು ಅಪ್ಪನ ಕೈಗಿಟ್ಟ. ಸಣ್ಣಬೀರಯ್ಯನಿಗೆ ಸುಲಿಯಲು ಕೈ ಬರಲಿಲ್ಲ. ಹಾಗೇ ಹಿಡಿದುಕೊಂಡು ನಡೆದ.

"ಯಾಕ್ಲಾ ಓಗೊಟ್ಟೆ?" ಎಂದ ಕೊನೆಗೆ. "ಒಂದ್ಗಳಿಗೆ ಬಾಯ್ ಮುಚ್ಕಂಡಿದ್ರೆ ಆಯ್ತಿತ್ತಲ್ಲಾ."

"ನೀ ಕೂಗ್ದೆ" ಎಂದ ಅಂಕಯ್ಯ.

ತೂಬಿನ ಹತ್ತಿರ ಬಂದಾಗ ಹೊತ್ತು ಮುಳುಗುತ್ತಿತ್ತು. ಚಿಕ್ಕಬೀರಮ್ಮ ಇಬ್ಬರ ಮುಖವನ್ನೂ ನೋಡಿ, ಒಲೆ ಹಚ್ಚಬೇಕೆಂದು ಮನೆಗೆ ಹೋದಳು. ಕೆಳಗಿನ ಗದ್ದೆಗಳಿಗೆ ನೀರಿನ ಸರದಿ. ಯಾರೂ ಹೇಳದೆಯೇ ಅಂಕಯ್ಯ ಗುದ್ದಲಿ ಹೆಗಲಿಗಿಟ್ಟು, ಆಟದ ಚಡ್ಡಿಯಲ್ಲೇ ಬದುವಿನ ಮೇಲೆ ಇಳಿದು ಹೋದ. ಸಣ್ಣಬೀರಯ್ಯ ಅವನ ಬೆನ್ನು ಮರೆಯಾಗುವವರೆಗೂ ನೋಡಿದ. ಮಗನಿಗೆ ಇದ್ದದ್ದು ಒಂದೇ ಆಸೆ, ಅದನ್ನು ತಾನೇ ಮುರಿದಿದ್ದ.

ಅವನು ಹಲಗೆ ಎತ್ತಿದ. ನೀರು ನುಗ್ಗಿತು. ಈಗ ಕೂಗಬೇಕು. ಕೈಯನ್ನು ಬಾಯಿಯವರೆಗೆ ತಂದ, ಕೆಳಗಿಳಿಸಿದ. ಇನ್ನೊಮ್ಮೆ ತಂದ. ಮತ್ತೆ ಕೆಳಗಿಳಿಸಿದ. ನೀರು ಕಾಲುವೆಯಲ್ಲಿ ಹರಿದು ಮೊದಲ ತಿರುವು ದಾಟಿತು, ಎರಡನೆಯದನ್ನೂ ದಾಟಿತು. ಅವನು ಹಲಗೆಯನ್ನು ಹಿಡಿದುಕೊಂಡು ಹಾಗೆಯೇ ನಿಂತಿದ್ದ.

ಕೆಳಗಿನಿಂದ ಕೂಗು ಬಂತು.

"ಓ...ಹೋಯ್!"

ಕೆಳಗಿರುವವನು ಮೊದಲು ಕೂಗುವ ಪದ್ಧತಿಯೇ ಇರಲಿಲ್ಲ. ಗದ್ದೆ ಬಯಲನ್ನೆಲ್ಲ ದಾಟಿ ಬಂದ ಆ ಉದ್ದನೆಯ ಕೂಗು ಮುಗಿಯುವಂತೆಯೇ ಕಾಣಲಿಲ್ಲ. ಹುಡುಗನಿಗೆ ಎಷ್ಟು ಉಸಿರು! ಅದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು, ಈ ಸಲ ತುಸು ಗಾಬರಿಯಿಂದ.

"ಓ...ಹೋಯ್! ಅಪ್ಪಾ!"

ಸಣ್ಣಬೀರಯ್ಯ ಹಲಗೆಯನ್ನು ಏರಿಯ ಮೇಲಿಟ್ಟ. ಎರಡೂ ಕೈ ಬಾಯಿಗೆ ಹಿಡಿದು ಓಗೊಟ್ಟ.