ಗೋಪಾಲಪ್ಪನವರ ಗರಿಗರಿ

ಗೋಪಾಲಪ್ಪನವರ ಬಾಯಲ್ಲಿ ಒಳ್ಳೆಯದಕ್ಕೆಲ್ಲ ಒಂದೇ ಮಾತು: ಗರಿಗರಿ. ಗಂಜಿ ಹಾಕಿ ಒಣಗಿಸಿದ ಪಂಚೆ ಗರಿಗರಿ, ಹಪ್ಪಳ ಗರಿಗರಿ. ಇವು ಊರಿಗೆಲ್ಲ ಗೊತ್ತಿದ್ದ ಬಳಕೆ. ಅವರು ಮಾಗಿಯ ಬೆಳಗಿನ ಬಿಸಿಲನ್ನೂ ಹಾಗೇ ಕರೆಯುತ್ತಿದ್ದರು, ಮುಚ್ಚುಮರೆಯಿಲ್ಲದೆ ಮಾತಾಡುವ ಬೀಗರನ್ನೂ. ಮಳೆಯಲ್ಲಿ ನೆನೆದ ಕೋಳಿ ಜಗಲಿಗೆ ಬಂದು ಮೈ ಕೊಡವುತ್ತದೆ. ಅಂಟಿಕೊಂಡ ರೆಕ್ಕೆ ಒಣಗಿ ಒಂದೊಂದು ಗರಿಯೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಈ ಮಾತು ಹುಟ್ಟಿದ್ದೇ ಅಲ್ಲಿಂದ ಎಂದು ಮಾಕಳಿಯಲ್ಲಿದ್ದ ತಮ್ಮ ವಠಾರಕ್ಕೆ ಬಾಡಿಗೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿದವರು ಒಪ್ಪುತ್ತಿದ್ದರು.

ಲಕ್ವ ಹೊಡೆದ ಮೇಲೆ ಅವರ ಗಂಟಲು ಕೆಟ್ಟಿತು. ಗಟ್ಟಿಯಾದದ್ದೇನೂ ಕೊಡಬೇಡಿ, ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟೀತು ಎಂದರು ಡಾಕ್ಟರು. ಹೆಂಡತಿ ಲಕ್ಷ್ಮಮ್ಮ ಅನ್ನ ಕಿವುಚಿ, ಹಪ್ಪಳವನ್ನು ಸಾರಿನಲ್ಲಿ ನೆನೆಸಿ ತುತ್ತು ಕೊಟ್ಟರು. ಗೋಪಾಲಪ್ಪನವರು ಮುಖವನ್ನು ಗೋಡೆಗೆ ತಿರುಗಿಸಿದರು. ಹಾಗೆಯೇ ಹೋಗಿಬಿಟ್ಟರು.

ಅಂದಿನಿಂದ ದೇವರಕೋಣೆಯಲ್ಲಿ ಸದ್ದು. ಗಂಜಿ ಹಾಕಿದ ಪಂಚೆ ಉಟ್ಟವರು ಎದ್ದು ಕೂತು ಮಾಡುವಾಗಿನ ಸರಪರ. ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸದವರು ಪ್ಯಾಕಿಂಗ್ ಪ್ಲಾಸ್ಟಿಕ್ ಹರಿಯುತ್ತಾರೆ ಎಂದು ಸೊಸೆ ವನಜಾ ಸಮಾಧಾನ ಹೇಳಿದಳು. ಶೆಡ್ಡಿಗೆ ಬೀಗ ಬಿದ್ದ ಭಾನುವಾರವೂ ಅದು ಕೇಳಿಸಿತು. ಹಸಿದ ಜೀವ ಹೊಸಿಲು ದಾಟಿಲ್ಲ ಎಂಬುದೊಂದೇ ಲಕ್ಷ್ಮಮ್ಮನವರ ಕೊರಗು. ಪಿತೃಪಕ್ಷದ ಎಡೆಯನ್ನಾದರೂ ಉಂಡು ನೆಮ್ಮದಿಯಾಗಿ ಹೋಗಲಿ ಎಂದು ಕಾದರು.

ಅಮಾವಾಸ್ಯೆ ಬಂತು. ದೇವರಕೋಣೆಯಲ್ಲಿ ಬಾಳೆಲೆ ಹಾಸಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಅತ್ತೆ ಸೊಸೆ ಹೊರಗೆ ಕೂತರು. ಹಿರಿಯರು ಉಣ್ಣುವುದನ್ನು ಯಾರೂ ನೋಡಬಾರದು.

ಒಳಗೆ ಸರಪರ ಶುರುವಾಯಿತು. ಎಲೆಯ ಸುತ್ತ ಸುತ್ತಿದಂತೆ, ಕೂರಲು ಮನಸ್ಸು ಬಾರದಂತೆ. ಈ ಸಲ ವನಜಾ ಅತ್ತೆಯ ಹತ್ತಿರಕ್ಕೆ ಸರಿದು ಕೂತಳು.

"ಕೂರ್ತಾ ಇಲ್ಲ ಕಣೆ," ಎಂದರು ಲಕ್ಷ್ಮಮ್ಮ ಮೆಲ್ಲಗೆ. "ಅವ್ರಿಗೆ ಇಷ್ಟವಾದ್ದೆಲ್ಲ ಇಕ್ಕಿವ್ನಿ. ಇನ್ನೇನು ತಪ್ಪಾಯ್ತು?"

ಬಡಿಸುವಾಗ ಕಂಡದ್ದನ್ನು ವನಜಾ ಹೇಳಲೋ ಬೇಡವೋ ಎನ್ನುತ್ತಲೇ ಹೇಳಿದಳು. "ಅತ್ತೆ, ನೀವು ಅನ್ನ ಕಿವುಚಿದೀರಾ. ಹಪ್ಪಳಾನ ಸಾರಲ್ಲಿ ನೆನೆಸಿದೀರಾ."

ಲಕ್ಷ್ಮಮ್ಮ ತಮ್ಮ ಕೈ ನೋಡಿಕೊಂಡರು. ಬೆರಳ ಸಂದಿಯಲ್ಲಿ ಅನ್ನ ಮೆತ್ತಿತ್ತು. ರೂಢಿಬಿದ್ದ ಕೈ, ಕೇಳದೆಯೇ ಮಾಡಿ ಮುಗಿಸಿತ್ತು.

"ಗಂಟ್ಲಿಗೆ ಸಿಕ್ಕಾಕೊಂಡ್ರೆ ಅಂತ..."

"ಈಗೆಲ್ಲಿ ಗಂಟ್ಲು, ಅತ್ತೆ."

ಇಟ್ಟ ಎಡೆಯನ್ನು ಬದಲಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಆದರೂ ಲಕ್ಷ್ಮಮ್ಮ ಎದ್ದು ಎಣ್ಣೆ ಕಾಯಿಸಿದರು, ಹಪ್ಪಳ ಕರಿದರು, ಉದುರುದುರಾಗಿ ಅನ್ನ ಬಡಿಸಿದರು. ಕಣ್ಣು ಮುಚ್ಚಿಕೊಂಡೇ ಬಾಗಿಲು ತೆರೆದು, ಗೋಡೆ ತಡವುತ್ತಾ ಒಳಹೋಗಿ, ಹಳೆಯದನ್ನು ಪಕ್ಕಕ್ಕೆ ಸರಿಸಿ ಹೊಸ ಎಲೆಯನ್ನು ಇಟ್ಟರು. ಬರಿಯ ಕಾಲಿಗೆ ಬಟ್ಟೆಯ ಅಂಚೊಂದು ಸೋಕಿದಂತಾಯಿತು.

"ಉಣ್ರೀ," ಎಂದರು. "ಈ ಸಲ ನಾ ಬೇಡ ಅನ್ನಲ್ಲ."

ಹೊರಗೆ ಬಂದು ಕೂತ ಮೇಲೆ ಸದ್ದು ನಿಂತಿತು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆದರು. ಹೊಸದಾಗಿ ಕರಿದ ಹಪ್ಪಳ ಇಟ್ಟಲ್ಲೇ ಇತ್ತು, ಒಂದು ಅಂಚೂ ಮುರಿದಿರಲಿಲ್ಲ. ಲಕ್ಷ್ಮಮ್ಮ ಅದನ್ನೆತ್ತಿದರು. ಅದರ ಗರಿಗರಿಯಷ್ಟೂ ಹೋಗಿ, ಒದ್ದೆ ಬಟ್ಟೆಯ ಹಾಗೆ ಬೆರಳ ಮೇಲೆ ಜೋತುಬಿತ್ತು. ಧೂಪದ ಹೊಗೆಗೆ ಮೆತ್ತಗಾಗಿರಬೇಕು ಎನ್ನಲು ಹೊರಟ ವನಜಾ, ಅತ್ತೆಯ ಮುಖ ಕಂಡು, ಸರಿಸಿಟ್ಟಿದ್ದ ಹಳೆಯ ಎಲೆಯನ್ನು ಎತ್ತಿಕೊಂಡಳು. ಲಕ್ಷ್ಮಮ್ಮ ಆ ಹಪ್ಪಳವನ್ನು ಕಣ್ಣಿಗೊತ್ತಿಕೊಂಡು, ಎಲೆಯ ಎದುರೇ ಕೂತು, ನಿಧಾನವಾಗಿ ತಿಂದರು.