ದುಪ್ಪಟಿಯ ಮೊಲದ ಕಿವಿ

ಒಣಗಿದ ದುಪ್ಪಟಿಯ ಎರಡು ತುದಿ ಅಜ್ಜಿಯ ಕೈಯಲ್ಲಿ, ಇನ್ನೆರಡು ಮೊಮ್ಮಗಳ ಕೈಯಲ್ಲಿ. ಹಿಂದೆ ಸರಿದು ಎಳೆಯಬೇಕು, ಕೊಡವಬೇಕು, ಆಮೇಲೆ ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಕೊನೆಯ ಮಡಿಕೆಯಾದ ಮೇಲೆ ಅಜ್ಜಿ ಒಂದು ಮೂಲೆಯನ್ನು ಹೊರಗೆಳೆದು, ಓರೆಯಾಗಿ ತಿರುಚಿ ಒಳಗೆ ಸಿಕ್ಕಿಸುತ್ತಿದ್ದಳು. ಮೊಲದ ಕಿವಿಯಂಥ ತುದಿಯಷ್ಟೇ ಹೊರಗುಳಿಯುತ್ತಿತ್ತು. ಹಾಗೆ ಮಡಿಸಿದ್ದು ಬೀರುವಿನಿಂದ ಬಿದ್ದರೂ ಬಿಚ್ಚಿಕೊಳ್ಳದು. ಅಮ್ಮ ಮಡಿಸಿದರೆ ಮಾತ್ರ ಮೊಲಕ್ಕೆ ಹುಷಾರಿಲ್ಲದಂತೆ ಕಿವಿ ಜೋತುಬೀಳುತ್ತಿತ್ತು.

ಅಂದು ಎರಡನೇ ದುಪ್ಪಟಿ ಕೊಡವುತ್ತಿದ್ದಾಗ ಪಕ್ಕದ ಮನೆಯ ಟೈಲರಮ್ಮ ಕಾಂಪೌಂಡಿನಾಚೆಯಿಂದ ಕೂಗಿದಳು. "ಗೊತ್ತಾಯ್ತಾ? ದೊಡ್ಡ ಉದ್ಯಾನದೊಳಗಿನ ಆ ಹಳೇ ಮನೆ ಇವತ್ತಿಂದ ನೋಡೋಕೆ ಬಿಡ್ತಾರಂತೆ!"

ಅಜ್ಜಿಯ ಕೈಯಿಂದ ದುಪ್ಪಟಿ ಜಾರಿತು. ಮದುವೆಗೆ ಕರೆದರೂ ಮಂಡಿನೋವಿನ ನೆಪ ಹೇಳುವ ಅಜ್ಜಿ, "ಹೋಗೋಣ" ಎಂದುಬಿಟ್ಟಳು.

ಅಮ್ಮ ಮಗಳ ಚಪ್ಪಲಿಯ ಬಕಲ್ ಹಾಕುತ್ತಾ ಪಿಸುಗುಟ್ಟಿದಳು. "ಅಜ್ಜಿ ಹುಡುಗಿಯಾಗಿದ್ದಾಗ ಆ ಮನೇಲಿ ಕೆಲಸಕ್ಕಿದ್ರಂತೆ. ನಿಮ್ಮಪ್ಪನ ಹತ್ರಾನೂ ಆ ಮಾತು ಎತ್ತಿಲ್ಲ. ಅವರಾಗಿ ಹೇಳಿದ್ರೆ ಕೇಳಿಸ್ಕೊ. ನೀನಾಗಿ ಏನೂ ಕೇಳಬೇಡ, ಬಂಗಾರ."

"ಒಂದೂ ಕೇಳಬಾರದಾ?"

"ನೋಡು, ಆಗಲೇ ಒಂದಾಯ್ತು."

ಮನೆಯವರೆಲ್ಲ ಪ್ರಶ್ನೆಪತ್ರಿಕೆ ಎಂದೇ ಕರೆಯುವ ಮಗು ಅದು. ತುಟಿ ಬಿಗಿಹಿಡಿದು ಅಜ್ಜಿ, ಅಮ್ಮನ ಜೊತೆ ಹೊರಟಿತು.

ಹುಲ್ಲುಹಾಸು, ಕಾರಂಜಿ, ಬೆಂಚುಗಳ ಮೇಲೆ ತಿಂಡಿ ಬಿಚ್ಚಿ ಕೂತ ಸಂಸಾರಗಳು. ಇವೆಲ್ಲ ದಾಟಿದರೆ ಮರಗಳ ನಡುವೆ ಆ ಮನೆ. ಎತ್ತರದ ಕಂಬಗಳ ಕಡೆ ಕಣ್ಣೆತ್ತಿಯೂ ನೋಡದೆ ಅಜ್ಜಿ ಸರಸರನೆ ಹಿತ್ತಿಲ ಕಡೆ ತಿರುಗಿದಳು.

"ಅಜ್ಜೀ, ದಾರಿ ಮುಂದ್ಗಡೆಯಿಂದ!" ಎಂದು ಕೂಗಿದ ಮನೆ ತೋರಿಸುವ ಗೈಡು.

ಅಜ್ಜಿ ಒಂದು ಗಳಿಗೆ ನಿಂತು, ಮುಂಬಾಗಿಲಿಗೆ ಬಂದಳು. ಮಗು ಒಂದು ಪ್ರಶ್ನೆ ನುಂಗಿಕೊಂಡಿತು.

ಮಹಡಿ ಹತ್ತುವಾಗ ಅಜ್ಜಿ ನಾಲ್ಕನೇ ಮೆಟ್ಟಿಲನ್ನು ಬಿಟ್ಟು ಐದನೆಯದಕ್ಕೆ ಕಾಲಿಟ್ಟಳು, ಅದೂ ಆ ಮಂಡಿಯಲ್ಲಿ! ಹಿಂದೆ ಬಂದ ಗೈಡು ನಾಲ್ಕನೆಯದನ್ನು ತುಳಿದ. ಮೆಟ್ಟಿಲು ಕಿರ್ರೋ ಎಂದಿತು. ಎರಡನೇ ಪ್ರಶ್ನೆಯೂ ಗಂಟಲೊಳಗೆ ಇಳಿಯಿತು. ಮಗುವಿಗೆ ಹೊಟ್ಟೆ ತುಂಬಿದಂತಾಯಿತು.

ಮೇಲಿನ ಕೋಣೆಯಲ್ಲಿ ಗಾಜಿನ ಬಾಗಿಲ ಬೀರು. ಒಳಗೆ ಬಿಳಿ ದುಪ್ಪಟಿಗಳ ಸಾಲು.

"ಮನೆಯವರು ಬಿಟ್ಟುಹೋದ ದಿನ ಹೇಗಿತ್ತೋ ಹಾಗೇ ಇದೆ, ಯಾರೂ ಮುಟ್ಟಿಲ್ಲ" ಎಂದ ಗೈಡು. "ಈ ಮಡಿಕೆ ನೋಡಿ. ಮನೆಯೊಡತಿಯವರದೇ ಕೈಚಳಕ. ಅವರ ಜೊತೇಲೇ ಹೋಯ್ತು, ಈಗ ಯಾರಿಗೂ ಬರಲ್ಲ."

ಪ್ರತಿ ದುಪ್ಪಟಿಯ ಮೂಲೆಯಲ್ಲೂ ಒಂದು ಮೊಲದ ಕಿವಿ ನೆಟ್ಟಗೆ ನಿಂತಿತ್ತು.

ಅಜ್ಜಿಯ ಬೆರಳುಗಳು ಸುಮ್ಮನಿರಲಿಲ್ಲ. ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿ, ಮೂಲೆ ಎಳೆದು, ತಿರುಚಿ, ಸಿಕ್ಕಿಸಿದವು. ಮಗು ಅದನ್ನು ನೋಡಿತು, ಬೀರು ನೋಡಿತು, ಅಮ್ಮನ ಮುಖ ನೋಡಿತು. ಅಮ್ಮನೂ ಕರವಸ್ತ್ರವನ್ನೇ ನೋಡುತ್ತಿದ್ದಳು. ದಾರಿಯುದ್ದಕ್ಕೂ ಮಗಳ ಭುಜ ಒತ್ತಿ ಎಚ್ಚರಿಸುತ್ತಿದ್ದ ಕೈ ಈಗ ಮೆಲ್ಲಗೆ ಸಡಿಲವಾಯಿತು.

ಗೈಡು ಆಗಲೇ ಮುಂದಿನ ಕೋಣೆಯ ಹೊಸ್ತಿಲಲ್ಲಿದ್ದ. ಅವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಮಗು ಕೇಳಿತು:

"ಅಜ್ಜೀ, ಈ ಕಿವಿಗಳೆಲ್ಲಾ ನೀನು ಮಾಡಿದ್ದು ಅಂತ ಇವರಿಗೆ ಯಾಕೆ ಹೇಳ್ತಿಲ್ಲ?"