ಅರ್ಧ ತೋಳಿನ ಕೂಲಿ

ಕೈಯಕ್ಕನ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರ ಮುಚ್ಚಳ ಎಂದೋ ಕಳೆದುಹೋಗಿತ್ತು. ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಹಳೆಯ ಬಟ್ಟೆಯನ್ನು ಹಾಸಿದವಳು ಅವಳ ಅಮ್ಮ. ಬಿದ್ದದ್ದು ನಾಣ್ಯವೋ ನೋಟೋ ಸದ್ದಿನಿಂದ ಯಾರಿಗೂ ತಿಳಿಯಬಾರದು ಎಂದು. ಅಷ್ಟು ಸಾಲದೆಂಬಂತೆ ಅಮ್ಮ ಇನ್ನೊಂದು ಪದ್ಧತಿಯನ್ನೂ ಇಟ್ಟುಕೊಂಡಿದ್ದಳು. ನೋವೆಂದು ಬಂದವರ ಕೈಕಾಲು ಉಜ್ಜಿ ನೀವುವ ಕೆಲಸ ಮುಗಿದ ಕೂಡಲೇ ಅವರಿಗೆ ಬೆನ್ನು ಮಾಡಿ ಮೂಲೆಯ ನಲ್ಲಿಯ ಹತ್ತಿರ ಕೈ ತೊಳೆಯಲು ನಿಲ್ಲುವುದು, ಬಾಗಿಲು ಮುಚ್ಚಿದ ಸದ್ದು ಕೇಳುವ ತನಕ ತಿರುಗದೇ ಇರುವುದು.

"ದುಡ್ಡು ಇಷ್ಟು ಅಂತ ಬಾಯಿಬಿಟ್ಟ ದಿನ ನನ್ನ ಕೈ ತಣ್ಣಗಾಗಿಬಿಡುತ್ತೆ ಕಣೇ" ಎನ್ನುತ್ತಿದ್ದಳು ಅಮ್ಮ. ಅಮ್ಮನಿಗೇನು, ಅಪ್ಪನ ಸಂಬಳ ತಿಂಗಳು ತಿಂಗಳು ಬರುತ್ತಿತ್ತು. ಮಗಳಿಗೆ ಇದ್ದದ್ದು ಆ ಡಬ್ಬಿ, ಅಮ್ಮನಿಂದ ಕಲಿತ ಬೆಚ್ಚಗಿನ ಎರಡು ಕೈ, ಮತ್ತು ಜೊತೆಗಿದ್ದ ಚಿಕ್ಕಮ್ಮ. ಚಿಕ್ಕಮ್ಮನ ನಾಲಿಗೆಗೆ ಮಾತ್ರ ಯಾವ ಬಟ್ಟೆಯೂ ಹಾಸಿರಲಿಲ್ಲ.

"ಇವತ್ತೂ ಗೋಡೆ ನೋಡ್ತಾ ನಿಂತಿದ್ಯಾ? ಗೋಡೆ ಏನಾದ್ರೂ ಕೊಡ್ತಾ?" ಎಂದು ಕೇಳುತ್ತಿದ್ದಳು. ಕೈಯಕ್ಕ ನಕ್ಕುಬಿಡುತ್ತಿದ್ದಳು. ಇಂತಿಷ್ಟು ಎಂದು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದಳು. ಆದರೆ ನೋವು ಎಂದು ಬಂದವರ ಮುಖ ಕಂಡರೆ ಎಣ್ಣೆಯ ಬಟ್ಟಲು ಎತ್ತಿಕೊಂಡುಬಿಡುತ್ತಿದ್ದಳು.

ಆಚೆ ಬೀದಿಯ ಟೈಲರು ಅವಳಲ್ಲಿಗೆ ಬಂದದ್ದು ಮಣಿಕಟ್ಟಿಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿಸಿದ ಮಾರನೆಯ ದಿನ. ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಮರದ ತುಂಡುಗಳಂತೆ ಬಿಗಿದಿದ್ದವು. ದಿನಾ ನೀವಿ ಆಡಿಸದಿದ್ದರೆ ಹಾಗೇ ನಿಂತುಬಿಡುತ್ತವೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ನೋಡಮ್ಮಾ, ಹೆಬ್ಬೆರಳು ಕತ್ತರಿಯ ಕಿವಿಯೊಳಗೆ ಹೋದ್ರೆ ಸಾಕು. ಉಳಿದ ನಾಲ್ಕು ಬೇಕಾದ್ರೆ ನೀನೇ ಇಟ್ಕೋ" ಎಂದರು ಟೈಲರು.

"ನನ್ನ ಹತ್ರ ಆಗಲೇ ಹತ್ತಿವೆ" ಎಂದಳು ಕೈಯಕ್ಕ.

ಬಿಸಿನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಒಂದೊಂದೇ ಗೆಣ್ಣು ಹಿಡಿದು ಮೆಲ್ಲಗೆ ಬಾಗಿಸುವಳು. ಟೈಲರು ಹಲ್ಲು ಕಚ್ಚಿಕೊಂಡು, ನೋವು ಮರೆಯಲೆಂದು ಗಿರಾಕಿಗಳ ಹೊಟ್ಟೆಯ ಸುತ್ತಳತೆಗಳನ್ನು ಬಾಯಿಪಾಠ ಒಪ್ಪಿಸುವರು. ಹತ್ತನೆಯ ದಿನ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಅವರ ಕಣ್ಣಲ್ಲಿ ನೀರು ಬಂತು. ಇನ್ನೊಂದು ತಿಂಗಳು ಬಂದರೆ ಕತ್ತರಿ ಹಿಡಿಯುತ್ತಾರೆ ಎಂದು ಅವಳು ಮನಸ್ಸಿನಲ್ಲೇ ಎಣಿಸಿಕೊಂಡಳು.

ಆ ವಾರದಲ್ಲೇ ಡಬ್ಬಿಯೊಳಗೆ ಗುಂಡಿಗಳು ಸಿಗತೊಡಗಿದ್ದು. ಅಂಗಿಯ ಗುಂಡಿಗಳು, ಒಂದು ದಿನ ಎರಡು, ಇನ್ನೊಂದು ದಿನ ಮೂರು. ದಿನಕ್ಕೆ ಏಳೆಂಟು ಜನ ಬಂದುಹೋಗುತ್ತಿದ್ದರು, ಬೆನ್ನು ಮಾಡಿ ನಿಂತವಳಿಗೆ ಯಾರದೆಂದು ಹೇಗೆ ತಿಳಿಯಬೇಕು? ತನ್ನನ್ನು ಯಾರೋ ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡಳು; ಬೆರಳು ಆಡಿತೆಂದು ಕಣ್ಣೀರು ತಂದುಕೊಂಡ ಟೈಲರು ಹಾಗೆ ಮಾಡುವವರೆಂದು ಅವಳಿಗೆ ತೋಚಲೇ ಇಲ್ಲ. ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವನ್ನೆಲ್ಲ ಚಿಕ್ಕಮ್ಮನ ಕೈಗೆ ಹಾಕಿದಳು. ಚಿಕ್ಕಮ್ಮ ಶಪಿಸುತ್ತಲೇ ಅವನ್ನು ದಿಂಬಿನ ಚೀಲಗಳಿಗೆ ಹೊಲಿದಳು.

ಹದಿನೇಳನೆಯ ದಿನದ ನಂತರ ಟೈಲರು ಬರಲಿಲ್ಲ.

ಮೊದಲ ದಿನ ಕೆಲಸವಿರಬೇಕು ಎಂದುಕೊಂಡಳು. ಮೂರನೆಯ ದಿನ ಚಪ್ಪಲಿ ಮೆಟ್ಟಿಕೊಂಡು ಅವರ ಅಂಗಡಿಯ ಬೀದಿಯ ತಿರುವಿನ ತನಕ ಹೋದಳು. ಅಲ್ಲಿ ನಿಂತುಬಿಟ್ಟಳು. ಯಾಕೆ ಬರಲಿಲ್ಲ ಎಂದು ಕೇಳಿದರೆ, ದುಡ್ಡಿಗಾಗಿ ಅಂಗಡಿ ಹುಡುಕಿಕೊಂಡು ಬಂದಳು ಎಂದುಕೊಂಡರೆ? ಬೇಡಲು ಬಂದ ಹಾಗೆ ಕಾಣುವುದಿಲ್ಲವೇ? ತಿರುಗಿ ಬಂದಳು. ಹೀಗೇ ಇನ್ನೆರಡು ಸಲ ಆಯಿತು. ವಾಸಿಯಾಗಿರಬೇಕು, ಅದಕ್ಕೇ ಬರುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ತಾನು ಹೇಳಿಕೊಂಡದ್ದನ್ನು ತಾನೇ ನಂಬಲಿಲ್ಲ.

ಮೂರು ತಿಂಗಳಾದ ಮೇಲೆ, ಒಂದು ನೆಪ ಬೇಕೆಂದು ಹೊಲಿಗೆ ಬಿಟ್ಟ ದಿಂಬಿನ ಚೀಲವೊಂದನ್ನು ಮಡಚಿಕೊಂಡು ಅಂಗಡಿಗೆ ಹೋದಳು.

ಮಿಷನ್ನಿನ ಮುಂದೆ ಟೈಲರ ಹೆಂಡತಿ ಕೂತಿದ್ದಳು. ಟೈಲರು ಬಾಗಿಲ ಬಳಿ ಸ್ಟೂಲಿನ ಮೇಲೆ, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು. ಗೆರೆ ನಡುಗುತ್ತಿತ್ತು. ಬಲಗೈ ತೊಡೆಯ ಮೇಲೆ ಅರೆಮುಚ್ಚಿ ಬಿದ್ದಿತ್ತು.

ಹೆಂಡತಿ ದಿಂಬಿನ ಚೀಲ ಬಿಡಿಸಿ ನೋಡಿದಳು. ಅವಳ ಬೆರಳು ಗುಂಡಿಯ ಮೇಲೆ ನಿಂತಿತು.

"ರೀ, ನೋಡ್ರಿ ಇಲ್ಲಿ. ನಮ್ಮ ಚಿಪ್ಪಿನ ಗುಂಡಿ."

ಟೈಲರು ತಲೆ ಎತ್ತಲಿಲ್ಲ. ಕೈಯಕ್ಕ ಅವರತ್ತ ತಿರುಗಿದಳು. "ಗುಂಡಿ ಹಾಕ್ತಿದ್ದದ್ದು ನೀವಾ?"

"ಅಂಗಡಿಯಲ್ಲಿದ್ದದ್ದರಲ್ಲಿ ಅವೇ ಒಳ್ಳೇವು ಅಕ್ಕಾ" ಎಂದಳು ಹೆಂಡತಿ. "ಮದುವೆ ಕೋಟುಗಳಿಗೆ ಅಂತ ಎತ್ತಿಟ್ಟಿದ್ರು. ಕೈ ಮುರಿದ ಮೇಲೆ ಕೆಲಸ ಎಲ್ಲಿತ್ತು? ಬರೀ ಕೈ ಡಬ್ಬಿಗೆ ಹಾಕೋಕೆ ಇವರಿಗೆ ಮನಸ್ಸು ಬರಲಿಲ್ಲ. ಅವೂ ಮುಗಿದ್ವು, ಆಮೇಲೆ ಬರೋದನ್ನೇ ಬಿಟ್ರು."

"ನಾನು ಯಾರ ಹತ್ರನೂ ಕೇಳಲ್ವಲ್ಲಾ…"

"ಅದೇ ಕಷ್ಟ ಆಗಿದ್ದು" ಎಂದರು ಟೈಲರು. ಈಗ ತಲೆ ಎತ್ತಿದರು. "ಇಷ್ಟು ಅಂತ ಹೇಳಿದ್ರೆ, ಆಗಲ್ಲ, ಸ್ವಲ್ಪ ಕಡಿಮೆ ಮಾಡಮ್ಮಾ, ಮುಂದಿನ ತಿಂಗಳು ಕೊಡ್ತೀನಿ ಅಂತ ನಾನೂ ಬಾಯಿಬಿಟ್ಟು ಹೇಳಬಹುದಿತ್ತು. ನೀನು ಬೆನ್ನು ತಿರುಗಿಸಿ ನಿಲ್ತಿದ್ದೆ. ಬೆನ್ನಿನ ಹತ್ರ ಚೌಕಾಸಿ ಹೇಗೆ ಮಾಡೋದು? ದಿನಾ ಬಾಗಿಲ ಹತ್ರ ಬರೋವಾಗ ಕಳ್ಳನ ಹಾಗೆ ಅನ್ನಿಸ್ತಿತ್ತು."

ಕೈಯಕ್ಕ ನೆಲದ ಮೇಲೆ ಕೂತು ಅವರ ಬಲಗೈಯನ್ನು ತೆಗೆದುಕೊಂಡಳು. ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಒತ್ತಿ ನೋಡಿದಳು. ಬುಡದಲ್ಲಿ ಅದು ಕಲ್ಲಾಗಿತ್ತು. ಮೂರು ತಿಂಗಳ ಕೆಳಗೆ ತೋರುಬೆರಳನ್ನು ಮುಟ್ಟಿದ ಬೆರಳು. ಬೀದಿಯ ತಿರುವಿನ ತನಕ ಮೂರು ಸಲ ಬಂದು ವಾಪಸಾದದ್ದು ನೆನಪಾಯಿತು. ಅಲ್ಲಿಂದ ಅಂಗಡಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ.

"ನಿಜ ಹೇಳು" ಎಂದರು ಟೈಲರು.

"ಕತ್ತರಿ ಹಿಡಿಯೋಕೆ ಆಗಲ್ಲ. ಲೋಟ ಹಿಡೀಬಹುದು. ಅಂಗಿ ಗುಂಡಿ ಹಾಕ್ಕೋಬಹುದು. ಅದಕ್ಕೂ ಎರಡು ತಿಂಗಳು ಬೇಕು, ದಿನಾ."

ಹೆಂಡತಿ ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ಟೈಲರು ತಮ್ಮ ಕೈಯನ್ನೇ ನೋಡಿದರು, ಬೇರೆಯವರ ಕೈ ನೋಡುವ ಹಾಗೆ.

"ಎಷ್ಟು ತಗೋತೀಯ?" ಎಂದರು ಕೊನೆಗೆ.

ಬಿಟ್ಟಿಯಾಗಿ ಮಾಡುತ್ತೇನೆ, ಕಾಲು ಹಿಡಿದಾದರೂ ಮಾಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಾಗೆಂದರೆ ಇವರು ನಾಳೆ ಬರುವುದಿಲ್ಲ ಎಂದು ಅವರ ಮುಖ ನೋಡಿಯೇ ತಿಳಿಯಿತು. ಗೋಡೆಯ ಮೇಲೆ ಹೊಲಿಗೆಯ ದರದ ಹಲಗೆ ತೂಗುತ್ತಿತ್ತು. ಪ್ಯಾಂಟಿಗೆ ಇಷ್ಟು, ಅಂಗಿಗೆ ಇಷ್ಟು. ಯಾರ ಸಂಕೋಚವೂ ಇಲ್ಲದೆ ದಪ್ಪಕ್ಷರದಲ್ಲಿ ಬರೆದಿತ್ತು.

"ವಾರಕ್ಕೆ ಒಂದು ಅಂಗಿ ಹೊಲಿಯೋ ಕೂಲಿ" ಎಂದಳು. ಹೇಳುವಾಗ ಅವಳ ಕೈ ನಿಜಕ್ಕೂ ತಣ್ಣಗಾಯಿತು.

"ಅರ್ಧ ತೋಳಿನದೋ, ತುಂಬು ತೋಳಿನದೋ?"

"ತುಂಬು ತೋಳು."

"ಜಾಸ್ತಿ ಆಯ್ತು. ಅರ್ಧ ಮಾಡ್ಕೋ."

"ನಮ್ಮ ಮನೇಲಿ ಚಿಕ್ಕಮ್ಮ ಇದ್ದಾಳೆ, ನನ್ನನ್ನ ಬಿಡಲ್ಲ."

"ಅರ್ಧ ಕೈಗೆ ಅರ್ಧ ತೋಳು. ಅದಕ್ಕಿಂತ ಮೇಲೆ ನೀನು ಕೇಳಬಾರದು, ನಾನು ಕೊಡಬಾರದು."

ನಗಬೇಕೆಂದು ಹೇಳಿದ ಮಾತು. ಮೂವರಲ್ಲಿ ಯಾರಿಗೂ ನಗಲು ಆಗಲಿಲ್ಲ. "ಆಯ್ತು" ಎಂದಳು ಕೈಯಕ್ಕ. ತಣ್ಣಗಾದ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೆಬ್ಬೆರಳಿನ ಬುಡದಿಂದ ಶುರುಮಾಡಿದಳು.

ಮೊದಲ ವಾರ ಮುಗಿದ ದಿನ, ಅವಳ ಮನೆಯಲ್ಲಿ ಕೆಲಸವಾದ ಮೇಲೆ ಟೈಲರು ಎದ್ದು ನಿಂತರು. ಅಭ್ಯಾಸಬಲದಿಂದ ಅವಳ ಕಾಲು ನಲ್ಲಿಯ ಕಡೆ ಹೊರಟಿತು. ತಡೆದು ನಿಂತು ಅವರತ್ತ ತಿರುಗಿದಳು. ಗೂಡಿನಲ್ಲಿ ಡಬ್ಬಿ ಇರಲಿಲ್ಲ, ಅದನ್ನು ಅವಳೇ ತೆಗೆದಿಟ್ಟಿದ್ದಳು.

ಎಡಗೈಯಲ್ಲಿ ತೆಗೆದಿದ್ದರೆ ಒಂದು ಕ್ಷಣದ ಕೆಲಸ. ಟೈಲರು ಬಲಗೈಯನ್ನೇ ಜೇಬಿಗೆ ಹಾಕಿದರು. ಬಗ್ಗದ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನೋಟು ಸಿಗುತ್ತಿತ್ತು, ಜಾರುತ್ತಿತ್ತು. ಒಮ್ಮೆ ನೆಲಕ್ಕೇ ಬಿತ್ತು. ಅವರು ಬಗ್ಗಿ ಮತ್ತೆ ಅದೇ ಕೈಯಲ್ಲಿ ಹುಡುಕಿದರು. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಎತ್ತಿಕೊಡಲು ಬಂದವಳು ಅರ್ಧದಲ್ಲೇ ನಿಂತಳು.

ಕೈಯಕ್ಕ ಸಹಾಯಕ್ಕೆ ಬಗ್ಗಲಿಲ್ಲ, ಗೋಡೆಯ ಕಡೆಗೂ ನೋಡಲಿಲ್ಲ. ಎಣ್ಣೆಯ ಕೈಯನ್ನು ಚಾಚಿ ಅವರ ಎದುರಿಗೇ ನಿಂತಿದ್ದಳು. ಎಷ್ಟು ಹೊತ್ತಾದರೂ ನಿಲ್ಲುವವಳಿದ್ದಳು.